ವಿನ್ನಿಯ ಪಕ್ಕದ ಜಾಗ

ಒಂದು ಪೆನ್ಸಿಲಿನಿಂದ ನಾನು ಅಮೆರಿಕದ ಸರ್ಕಾರವನ್ನು ಏಳು ಗಂಟೆ ಹೊತ್ತು ತಡೆದು ನಿಲ್ಲಿಸಿದ್ದೆ. ಎರಡು ಹೆಲಿಕಾಪ್ಟರು, ಒಬ್ಬ ಗವರ್ನರು, ಬ್ಯಾಂಡಿನ ಸಮೇತ ಒಂದು ಇಡೀ ಪಲ್ಟನ್ನು, ನಾನೂರು ಕಪ್ಪು ಕ್ಯಾಡಿಲಾಕು ಕಾರು, ಅವುಗಳ ನಡುವೆ ಧ್ವಜ ಹೊದ್ದು ಮಲಗಿದ ಒಬ್ಬ ಕಾಂಗ್ರೆಸ್‌ಮನ್. ಎಲ್ಲರೂ ನ್ಯೂಜೆರ್ಸಿಯ ಸೈನಿಕ ಸ್ಮಶಾನದ ಗೇಟಿನ ಹೊರಗೆ ನಿಂತಿದ್ದರು. ಗೇಟಿನ ಒಳಗೆ ನಾನೊಬ್ಬನೇ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ, ಎತ್ತರ ಐದಡಿ ನಾಲ್ಕಿಂಚು, ಕೈಯಲ್ಲಿ ನಕ್ಷೆ, ಕಿವಿಯ ಮೇಲೆ ಪೆನ್ಸಿಲು. ಈ ಮನುಷ್ಯನಿಗೆ ಇಲ್ಲಿ ಜಾಗವಿಲ್ಲ ಎಂದೆ. ಪಲ್ಟನ್ನು ಹಿಂದಕ್ಕೆ ತಿರುಗಿತು. ಗವರ್ನರು ಹ್ಯಾಟು ತೆಗೆದು ನನಗೆ ವಂದಿಸಿ ಕಾರು ಹತ್ತಿದರು.

ಈ ಕಥೆಯನ್ನು ಮೂರು ವರ್ಷಗಳಲ್ಲಿ ಸಾವಿರ ಸಲ ಹೇಳಿದ್ದೇನೆ. ಸಾವಿರವೆಂದರೆ ಮೂವತ್ತು ಸಲ ಇದ್ದೀತು. ನನ್ನ ಹೆಂಡತಿ ಶೈಲಜಾ ಧಾರವಾಡದವಳು, ಗಣಿತದಲ್ಲಿ ಬಿ.ಎಸ್ಸಿ. ಮದುವೆಗೆ ಮುಂಚೆ ನಮ್ಮ ಹೊಲ ಇನ್ನೂರು ಎಕರೆ ಎಂದು ಅವಳಿಗೆ ಪತ್ರ ಬರೆದಿದ್ದೆ. ಬಂದು ನೋಡಿದರೆ ಇಪ್ಪತ್ತು ಇತ್ತು. ಅಂದಿನಿಂದ ನಾನು ಹೇಳುವ ಯಾವ ಸಂಖ್ಯೆಯನ್ನಾದರೂ ಹತ್ತರಿಂದ ಭಾಗಿಸಿಯೇ ಕಿವಿಗೆ ಹಾಕಿಕೊಳ್ಳುತ್ತಾಳೆ. ಈ ಒಂದು ಕಥೆಯನ್ನು ಮಾತ್ರ ಅವಳು ಭಾಗಿಸಲೂ ಹೋಗುತ್ತಿರಲಿಲ್ಲ. ನಾನು ಶುರುಮಾಡಿದ ಕೂಡಲೇ ಎದ್ದು ಅಡುಗೆಮನೆಯ ಕಡೆ ನಡೆದುಬಿಡುತ್ತಿದ್ದಳು.

ನಾವು ಅಮೆರಿಕಕ್ಕೆ ಬಂದದ್ದು ಅರವತ್ತೇಳರಲ್ಲಿ. ಪಿಸ್ಕಾಟವೇಯ ಒಂದು ಸರ್ವೆ ಕಂಪನಿಯಲ್ಲಿ ನನಗೆ ಡ್ರಾಫ್ಟ್ಸ್‌ಮನ್ ಕೆಲಸ. ಊರಿಗೆ ಬರೆದ ಪತ್ರಗಳಲ್ಲಿ ನಾನು ಅಮೆರಿಕದ ರಕ್ಷಣಾ ಇಲಾಖೆಯ ಭೂ ಸಲಹೆಗಾರನಾಗಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಕಂಪನಿಗೆ ಅಲ್ಲಿಂದ ಅರ್ಧ ಗಂಟೆ ದೂರದ ಸೈನಿಕ ಸ್ಮಶಾನದ ನಕ್ಷೆ ಮಾಡುವ ಗುತ್ತಿಗೆ ಇತ್ತು. ಆ ಭೂಮಿ ಸೈನ್ಯದ್ದೇ, ಸಲಹೆಯೂ ನನ್ನದೇ. ನೆಲದ ಮೇಲೆ ಟೇಪು ಎಳೆಯುವುದು, ಹಾಳೆಯ ಮೇಲೆ ಐದಡಿಗೆ ಹತ್ತಡಿಯ ಚೌಕ ಬರೆಯುವುದು, ಚೌಕದೊಳಗೆ ನಂಬರು ಹಾಕುವುದು. ಒಂದು ಚೌಕಕ್ಕೆ ಒಬ್ಬ ಮನುಷ್ಯ.

ಆ ವರ್ಷಗಳಲ್ಲಿ ವಿಯೆಟ್ನಾಮಿನಿಂದ ಪೆಟ್ಟಿಗೆಗಳು ಬರುತ್ತಲೇ ಇದ್ದವು. ನಾನು ಟೇಪು ಹಿಡಿದು ನಿಂತಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ಯಾರದೋ ತಾಯಿ ಮಡಿಸಿದ ಧ್ವಜವನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಿದ್ದಳು. ಕಹಳೆ ಊದುವವನು ಒಂದೇ ದಿನ ನಾಲ್ಕು ಸಲ ಊದಿದ್ದೂ ಉಂಟು. ಮೊದಲ ವಾರ ಕಹಳೆ ಕೇಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತಿತ್ತು. ಆಮೇಲೆ ಅದು ಮಿಲ್ಲಿನ ಸೀಟಿಯ ಹಾಗೆ ಆಯಿತು. ಮೂರನೆಯದು ಕೇಳಿಸಿತೆಂದರೆ ಊಟದ ಡಬ್ಬಿ ಬಿಚ್ಚುವ ಹೊತ್ತಾಯಿತು ಎಂದುಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬಂದರೆ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಶೈಲಜಾ ರೊಟ್ಟಿ ಮುಂದಿಟ್ಟರೆ ಅದನ್ನೇ ನೋಡುತ್ತ ಕೂತಿರುತ್ತಿದ್ದೆ.

ನಾವು ಇದ್ದದ್ದು ಟೋನಿಯ ಮನೆಯ ಮಹಡಿಯಲ್ಲಿ. ಕೆಳಗೆ ಅವನು, ಮೇಲೆ ನಾವು. ಟೋನಿ ನಲ್ಲಿ ರಿಪೇರಿಯವನು, ಇಟಲಿಯಿಂದ ಬಂದವರ ಮಗ. ಎರಡನೆಯ ಮಹಾಯುದ್ಧದಲ್ಲಿ ತನ್ನ ಅಪ್ಪನ ದೇಶಕ್ಕೇ ಬಂದೂಕು ಹಿಡಿದು ಹೋಗಿ ತೊಡೆಯಲ್ಲಿ ಗುಂಡಿನ ಚೂರು ಇಟ್ಟುಕೊಂಡು ವಾಪಸಾಗಿದ್ದ. ಹೆಂಡತಿ ಯಾವಾಗಲೋ ಫ್ಲಾರಿಡಾಕ್ಕೆ ಹೋದವಳು ತಿರುಗಿ ಬಂದಿರಲಿಲ್ಲ. ಇದ್ದವನು ಒಬ್ಬನೇ ಮಗ, ವಿನ್ನಿ. ನನಗೆ ಡ್ರೈವ್ ಮಾಡಲು ಕಲಿಸಿದವನು ಈ ವಿನ್ನಿ. ಮೂರೇ ದಿನದಲ್ಲಿ ಕಲಿತೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೂರು ತಿಂಗಳು ಹಿಡಿಯಿತು. ಅವನು ಒಂದು ಸಲವೂ ದನಿ ಎತ್ತಲಿಲ್ಲ.

ಅರವತ್ತೆಂಟರ ಅಕ್ಟೋಬರಿನಲ್ಲಿ ವಿನ್ನಿಯೂ ವಿಯೆಟ್ನಾಮಿನಿಂದ ಅಂಥದೇ ಪೆಟ್ಟಿಗೆಯಲ್ಲಿ ಬಂದ. ಹತ್ತೊಂಬತ್ತು ವರ್ಷ. ಈ ಸಂಖ್ಯೆಯನ್ನು ಯಾರೂ ಭಾಗಿಸಬೇಕಾಗಿಲ್ಲ. ಅವನ ಚೌಕವನ್ನು ಅಳೆದವನು ನಾನೇ. ರಸ್ತೆಯ ಪಕ್ಕದ ಸಾಲು, ಮೇಪಲ್ ಮರದಿಂದ ಎರಡನೆಯದು. ಅವನ ಪಕ್ಕದ ಚೌಕ ಖಾಲಿ ಇತ್ತು.

ಮಣ್ಣು ಮಾಡಿದ ಎರಡನೆಯ ದಿನ ಟೋನಿ ಹಿತ್ತಲಲ್ಲಿ ಅಂಜೂರದ ಗಿಡಕ್ಕೆ ಗೋಣಿತಾಟು ಸುತ್ತುತ್ತಿದ್ದ. ಆ ಗಿಡ ಚಳಿ ತಡೆಯುವುದಿಲ್ಲ. ಪ್ರತಿ ವರ್ಷ ಅವನು ಅದಕ್ಕೆ ಮನುಷ್ಯರಿಗೆ ಕೋಟು ತೊಡಿಸಿದಂತೆ ತೊಡಿಸಿ ಹಗ್ಗ ಬಿಗಿಯುತ್ತಾನೆ. ಹಿಂದಿನ ವರ್ಷ ಹಗ್ಗದ ಇನ್ನೊಂದು ತುದಿ ಹಿಡಿದವನು ವಿನ್ನಿ. ನಾನು ಹೋಗಿ ಆ ತುದಿ ಹಿಡಿದೆ. ಎರಡು ಸುತ್ತು ಬಿಗಿದ ಮೇಲೆ ಟೋನಿ, ನಿಮ್ಮ ಕಡೆ ಸತ್ತವರನ್ನು ಏನು ಮಾಡುತ್ತೀರಿ, ಸುಡುತ್ತೀರಂತಲ್ಲ ಎಂದು ಕೇಳಿದ.

ನಾವು ಲಿಂಗಾಯತರು, ಹೂಳುತ್ತೇವೆ ಎಂದೆ. ವಿಭೂತಿ ಹಚ್ಚಿ, ಪದ್ಮಾಸನ ಹಾಕಿ, ಕೂರಿಸಿಯೇ ಹೂಳುತ್ತೇವೆ. ನಮ್ಮ ಹೊಲದ ಬದುವಿನಲ್ಲಿ ನಮ್ಮ ಮುತ್ತಜ್ಜ, ಅಜ್ಜ, ದೊಡ್ಡಪ್ಪ ಎಲ್ಲರೂ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವವರಂತೆ ಅಕ್ಕಪಕ್ಕ ಕೂತಿದ್ದಾರೆ ಎಂದೆ. ಟೋನಿಗೆ ಅದು ಹಿಡಿಸಿತು. ಮಗ ಮೊದಲು ಹೋದರೆ ಎಂದು ಕೇಳಿದ. ನಮ್ಮ ದೊಡ್ಡಪ್ಪನ ಮಗ ಹಾವು ಕಚ್ಚಿ ಸತ್ತಿದ್ದ. ಅವನ ಪಕ್ಕದ ಜಾಗಕ್ಕೆ ಹನ್ನೊಂದು ವರ್ಷ ಯಾರೂ ಗುದ್ದಲಿ ಹಾಕಲಿಲ್ಲ. ಅದು ದೊಡ್ಡಪ್ಪನದು ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅದನ್ನೇ ಅವನಿಗೆ ವಿವರಿಸಿದೆ.

ಟೋನಿ ಹಗ್ಗ ಬಿಗಿಯುವುದನ್ನು ನಿಲ್ಲಿಸಿದ. ಹಾಗಾದರೆ ವಿನ್ನಿಯ ಪಕ್ಕದ್ದು ಎಂದ.

"ಆ ಜಾಗ ನಿನ್ನದು ಟೋನಿ. ನಕ್ಷೆ ಬರೆಯೋನು ನಾನು."

ನಾನು ಜಂಬಕ್ಕೆ ಹೇಳಿದ ಮಾತಲ್ಲ ಅದು. ಸತ್ಯವೆಂದೇ ನಂಬಿದ್ದೆ. ಮಗನ ಪಕ್ಕದ ಜಾಗ ಅಪ್ಪನದಲ್ಲದೆ ಇನ್ಯಾರದ್ದಾಗಲು ಸಾಧ್ಯ? ಅಪ್ಪನೂ ಸೈನಿಕನೇ, ಅವನಿಗೂ ಅಲ್ಲಿ ಹಕ್ಕಿದೆ. ಮಾರನೆಯ ದಿನ ಸ್ಮಶಾನದ ಸೂಪರಿಂಟೆಂಡೆಂಟರಿಗೆ ಹೇಳಿದಾಗ ಅವರು ನನ್ನನ್ನು ಕರುಣೆಯಿಂದ ನೋಡಿದರು. ಅವರು ಕೊರಿಯಾ ಯುದ್ಧದಲ್ಲಿ ಕಾಲು ಕುಂಟಾದ ಸಾರ್ಜೆಂಟು, ಮಾತು ಕಡಿಮೆ. ಇಲ್ಲಿ ಯಾರೂ ಜಾಗ ಕಾದಿರಿಸುವಂತಿಲ್ಲ, ಸಾಲಿನಲ್ಲಿ ಮುಂದಿನ ಚೌಕ ಮುಂದೆ ಬಂದವರಿಗೆ, ಜನರಲ್ ಆದರೂ ಅಡುಗೆಯವನಾದರೂ ಅಷ್ಟೇ ಎಂದರು. ಗುರುವಾರ ಒಬ್ಬರು ಬರುವವರಿದ್ದಾರೆ ಎಂದೂ ಹೇಳಿದರು. ಅಂದರೆ ವಿನ್ನಿಯ ಪಕ್ಕಕ್ಕೆ.

ಮನೆಗೆ ಹೋಗಿ ಟೋನಿಗೆ, ನಾನು ತಿಳಿಯದೆ ಹೇಳಿದೆ, ಅದು ನಮ್ಮ ಹೊಲದ ಪದ್ಧತಿ, ಇಲ್ಲಿಯದಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಕ್ಷೆಯಲ್ಲಿ ಆ ಚೌಕದೊಳಗೆ ಪೆನ್ಸಿಲಿನಿಂದ ಒಂದು ಗುಣಾಕಾರ ಚಿಹ್ನೆ ಹಾಕಿದೆ. ನಮ್ಮ ಕೆಲಸದಲ್ಲಿ ಅದಕ್ಕೆ ಅರ್ಥ, ಅಡಿಯಲ್ಲಿ ಕೊಳವೆಯೋ ಬಂಡೆಯೋ ಇದೆ, ಅಗೆಯಬೇಡಿ. ಉಕ್ಕಿನ ಸಲಾಕೆ ಚುಚ್ಚಿ ಖಾತ್ರಿ ಮಾಡಿಕೊಂಡ ಮೇಲೆ ಅದಕ್ಕೆ ಶಾಯಿ ಹಾಕಬೇಕು, ಅಲ್ಲಿಯವರೆಗೆ ಪೆನ್ಸಿಲು. ನಾನು ಚುಚ್ಚಲೂ ಇಲ್ಲ, ಶಾಯಿಯನ್ನೂ ಹಾಕಲಿಲ್ಲ. ಗುರುವಾರ ಬಂದವರು ಒಂದು ಚೌಕ ದಾಟಿ ಮಲಗಿದರು. ಸಾಲು ಮುಂದೆ ಹೋಯಿತು. ವಿನ್ನಿಯ ಪಕ್ಕದಲ್ಲಿ ಐದಡಿ ಹುಲ್ಲು ಉಳಿಯಿತು.

ಪ್ರತಿ ಭಾನುವಾರ ಟೋನಿ ಹೋಗಿ ಆ ಹುಲ್ಲಿನ ಮೇಲೆ ನಿಂತು ಬರುತ್ತಿದ್ದ. ಬಂದವನು, ನನ್ನ ಜಾಗದಲ್ಲಿ ಒಳ್ಳೆಯ ನೆರಳಿದೆ ಎನ್ನುತ್ತಿದ್ದ. ಮನೆ ಕಟ್ಟಿಸುವವನ ಹಾಗೆ. ಮಿಕ್ಕ ದಿನಗಳಲ್ಲಿ ಅವನ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಆ ಒಂದು ಮಾತು ಹೇಳುವಾಗ ಇರುತ್ತಿತ್ತು.

ಎಪ್ಪತ್ತೊಂದರ ವಸಂತದಲ್ಲಿ ಕಾಂಗ್ರೆಸ್‌ಮನ್ ತೀರಿಕೊಂಡರು. ಅಲ್ಲಿಯ ಪಾರ್ಲಿಮೆಂಟಿನ ಮೆಂಬರಿಗೆ ಹಾಗೆನ್ನುತ್ತಾರೆ. ಹೆಸರು ಬೇಡ, ಹೇಳಿದರೆ ಎಫ್‌ಬಿಐನವರು ಲಿಂಗಸುಗೂರಿನವರೆಗೂ ಬಂದಾರು. ಮಹಾಯುದ್ಧದ ಕಾಲದಲ್ಲಿ ಹದಿನಾಲ್ಕು ತಿಂಗಳು ಅವರು ಸಮವಸ್ತ್ರ ತೊಟ್ಟಿದ್ದು ನಿಜ. ಆ ಹದಿನಾಲ್ಕು ತಿಂಗಳೂ ನ್ಯೂಜೆರ್ಸಿಯ ಒಂದು ಗೋದಾಮಿನಲ್ಲಿ ಸೈನ್ಯದ ಕಂಬಳಿ ಎಣಿಸಿದ್ದರು. ಆಮೇಲೆ ಇಪ್ಪತ್ತು ವರ್ಷ ರಾಜಕೀಯ. ವಿಯೆಟ್ನಾಮಿನ ಯುದ್ಧಕ್ಕೆ ಎಷ್ಟು ಸಲ ಹಣ ಕೇಳಿದರೋ ಅಷ್ಟು ಸಲವೂ ಕೈ ಎತ್ತಿದ್ದರು. ಅವರನ್ನು ಸೈನಿಕ ಸ್ಮಶಾನದಲ್ಲಿ ಹೂಳಬೇಕೆಂದು ಮನೆಯವರ ಅಪೇಕ್ಷೆ ಎಂದು ಪೇಪರಿನಲ್ಲಿ ಬಂತು. ಮಾರನೆಯ ದಿನದಿಂದ ಓದುಗರ ಪತ್ರಗಳು ಶುರುವಾದವು. ಗುಂಡಿಗೆ ಎದೆ ಕೊಟ್ಟವರ ಜೊತೆ ಕಂಬಳಿ ಎಣಿಸಿದವನೇ ಎಂದು ಒಬ್ಬರು. ಸಮವಸ್ತ್ರ ಸಮವಸ್ತ್ರವೇ, ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸಿದ್ದು ಸೈನ್ಯ ಎಂದು ಇನ್ನೊಬ್ಬರು.

ಆ ವಾರ ಜ್ಯಾಕ್ಸನ್ ಹೈಟ್ಸಿನಲ್ಲಿ ನನ್ನ ಸ್ನೇಹಿತ ಜಯತೀರ್ಥರ ಮನೆಯಲ್ಲೂ ಇದೇ ಚರ್ಚೆ. ಜಯತೀರ್ಥರು ಮೈಸೂರಿನವರು, ಡಾಕ್ಟರು. ಅವರ ಪ್ರಕಾರ ಹೂಳುವುದರಿಂದಲೇ ಈ ಗಲಾಟೆಯೆಲ್ಲ. ಸುಟ್ಟು ನದಿಗೆ ಬಿಟ್ಟರೆ ಯಾರ ಪಕ್ಕ ಯಾರು ಎನ್ನುವ ಪ್ರಶ್ನೆಯೇ ಏಳುವುದಿಲ್ಲ. ನಮ್ಮಲ್ಲಿ ಸುಟ್ಟಮೇಲೂ ರಾಜಕಾರಣಿಗೆ ಊರ ನಡುವೆ ಸರ್ಕಲ್ಲು ಬೇಕಲ್ಲ ಎಂದೆ ನಾನು. ಅವರ ಹೆಂಡತಿ ಪದ್ಮಜಾ ಕಾಫಿ ಕೊಡುತ್ತ, "ಬದುಕಿದ್ದಾಗ ಎಲ್ಲೂ ಕ್ಯೂನಲ್ಲಿ ನಿಂತಿರಲ್ಲ ಪಾಪ. ಸತ್ತಮೇಲಾದ್ರೂ ಎಲ್ಲರ ಜೊತೆ ಸಾಲಲ್ಲಿ ಮಲಗ್ಲಿ ಬಿಡಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಾಲಿನಲ್ಲಿ ಖಾಲಿ ಇದ್ದ ಜಾಗ ಯಾವುದೆಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅಷ್ಟರಲ್ಲಿ ಸ್ಮಶಾನ ಹೆಚ್ಚುಕಡಿಮೆ ತುಂಬಿಹೋಗಿತ್ತು. ಹಿಂದಿನ ಬೇಲಿಯ ಹತ್ತಿರ ಒಂದಷ್ಟು ಚೌಕ ಬಿಟ್ಟರೆ ರಸ್ತೆಯ ಬದಿಯಲ್ಲಿ ಉಳಿದದ್ದು ಒಂದೇ, ನನ್ನ ಪೆನ್ಸಿಲು ಕಾದದ್ದು.

ಟೋನಿ ಪೇಪರು ಓದಿ ಮೇಲೆ ಬಂದ. ಕೂರಲಿಲ್ಲ. ಬಾಗಿಲಲ್ಲೇ ನಿಂತು, "ಆ ಮನುಷ್ಯ ಕೈ ಎತ್ತಿದ, ನನ್ನ ಮಗ ಹೋದ. ಎಲ್ಲಾದರೂ ಮಲಗಲಿ ಅಮರ್. ವಿನ್ನಿ ಹತ್ತಿರ ಬೇಡ" ಎಂದ. ಆಗುವುದಿಲ್ಲ, ನಾನಿದ್ದೇನೆ ಎಂದೆ.

ಆಮೇಲೆ ನಡೆದದ್ದು ನಿಮಗೆ ಮೊದಲೇ ಹೇಳಿದ್ದೇನೆ. ಹೆಲಿಕಾಪ್ಟರು, ಪಲ್ಟನ್ನು, ಏಳು ಗಂಟೆ. ಸೂಪರಿಂಟೆಂಡೆಂಟರು ನಡುಗುತ್ತ ಬಂದು, ಮೇಲಿನಿಂದ ಒತ್ತಡ ಇದೆ ಅಮರ್, ಆ ಗುರುತು ಅಳಿಸು ಎಂದರು. ನಾನು, ಸತ್ತರೂ ಅಳಿಸುವುದಿಲ್ಲ ಎಂದೆ. ಗವರ್ನರು ಹೆಗಲ ಮೇಲೆ ಕೈ ಹಾಕಿ ಗ್ರೀನ್ ಕಾರ್ಡ್ ಇವತ್ತೇ ಕೊಡಿಸುತ್ತೇನೆ ಎಂದರು. ಯೋಗ್ಯತೆ ಇದ್ದವರಿಗೆ ಮಾತ್ರ ಈ ಮಣ್ಣು ಎಂದು ಇಂಗ್ಲಿಷಿನಲ್ಲಿ ನಲವತ್ತು ನಿಮಿಷ ಭಾಷಣ ಮಾಡಿದೆ. ಪೆಟ್ಟಿಗೆ ಹೊತ್ತ ಸೈನಿಕರ ಕಣ್ಣಲ್ಲಿ ನೀರು. ಕೊನೆಗೆ ಕಾಂಗ್ರೆಸ್‌ಮನ್ನರನ್ನು ಅವರ ಊರಿನ ಚರ್ಚಿನ ಹಿತ್ತಲಿಗೆ ಒಯ್ದರು. ಪ್ರತಿ ಸಲ ಹೇಳುವಾಗಲೂ ಈ ಜಾಗಕ್ಕೆ ಬಂದಾಗ ಜಯತೀರ್ಥರು ತೊಡೆ ತಟ್ಟಿ ಭೇಷ್ ಎನ್ನುತ್ತಿದ್ದರು. ಹೊಸದಾಗಿ ಬಂದ ಕನ್ನಡದವರು ಯಾರಾದರೂ ಮನೆಗೆ ಬಂದರೆ, ಇವರ ಕಥೆ ಕೇಳಬೇಕು ನೀವು ಎಂದು ನನ್ನನ್ನು ಕೂರಿಸುತ್ತಿದ್ದರು. ಮೊದಮೊದಲು ಖುಷಿಯಿಂದ ಹೇಳುತ್ತಿದ್ದೆ. ಮೂರನೆಯ ವರ್ಷಕ್ಕೆ ಹೆಲಿಕಾಪ್ಟರನ್ನು ಆಕಾಶಕ್ಕೆ ಏರಿಸುವುದೂ ಭಾರವಾಗತೊಡಗಿತ್ತು. ಕಹಳೆ ಊದುವವನ ಕಷ್ಟ ಆಗ ಗೊತ್ತಾಯಿತು.

ಎಪ್ಪತ್ನಾಲ್ಕರ ಯುಗಾದಿಯ ಭಾನುವಾರ ಜಯತೀರ್ಥರ ಮನೆಯಲ್ಲಿ ಊಟ. ಹಿಂದಿನ ದಿನ ನನ್ನ ಕಾರು ಕೆಟ್ಟು ಕೂತಿತ್ತು. ಶೈಲಜಾ ಹೋಳಿಗೆ ಮಾಡಿ ಡಬ್ಬಿ ತುಂಬಿಸಿ ಮೆಟ್ಟಿಲ ಮೇಲೆ ನಿಂತದ್ದನ್ನು ಕಂಡು ಟೋನಿ, ತನ್ನ ವ್ಯಾನಿನಲ್ಲಿ ಬಿಡುತ್ತೇನೆ ಎಂದ. ಬೇಡವೆಂದೆ, ಪೆಟ್ರೋಲಿಗೆ ಪರದಾಡುವ ಕಾಲ, ಅಷ್ಟು ದೂರ ಯಾಕೆ ಎಂದೆ. ತೊಂದರೆಯಿಲ್ಲ ಎಂದ. ಅಲ್ಲಿ ಮುಟ್ಟಿದಾಗ ಪದ್ಮಜಾ ಅವನನ್ನು ಕೆಳಗಿನಿಂದಲೇ ಹಿಂದಕ್ಕೆ ಕಳಿಸಲು ಒಪ್ಪಲಿಲ್ಲ, ಹಬ್ಬದ ದಿನ ಬಾಗಿಲವರೆಗೆ ಬಂದವರು ಉಣ್ಣದೆ ಹೋಗಬಾರದು ಎಂದು ಮೇಲಕ್ಕೆ ಕರೆತಂದರು. ಅವನು ಆ ಕೋಣೆಗೆ ಬರುವುದು ನನಗೆ ಬೇಕಿರಲಿಲ್ಲ. ಆದರೆ ಟೋನಿಗೆ ಕನ್ನಡ ಬರುವುದಿಲ್ಲ, ನಾನು ಇವತ್ತು ಬಾಯಿ ಬಿಡುವುದಿಲ್ಲ, ಎರಡು ತಾಸಿನಲ್ಲಿ ಮುಗಿದೀತು ಎಂದು ಧೈರ್ಯ ತಂದುಕೊಂಡೆ.

ಇನ್ನೂರು ಜನ ಸೇರಿದ್ದರು. ಇಪ್ಪತ್ತು. ಟೋನಿಯನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಎಲ್ಲರೂ ಉಪಚಾರ ಮಾಡಿದರು. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ಎರಡನೆಯದನ್ನು ಕೇಳಿ ತಿಂದ. ಮೂರನೆಯದನ್ನು ಹಿಡಿದು ಬಂದ ಪದ್ಮಜಾ ಅವನ ಹೆಸರು ಕೇಳಿದರು. ಟೋನಿ ಎಂದ. ಅವರು ಪಾತ್ರೆ ಹಿಡಿದುಕೊಂಡೇ ಗಂಡನ ಕಡೆ ತಿರುಗಿ, ಇವರೇ ಕಣ್ರೀ ಆ ಟೋನಿ ಎಂದರು.

ಜಯತೀರ್ಥರು ಎದ್ದು ಬಂದು ಟೋನಿಯ ಕೈ ಕುಲುಕಿದರು. ಮಗನ ವಿಷಯಕ್ಕೆ ಸಂತಾಪ ಹೇಳಿದರು. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಇಂಗ್ಲಿಷಿನಲ್ಲಿ, ನಿಮ್ಮ ಜಾಗವನ್ನು ಆ ರಾಜಕಾರಣಿಯಿಂದ ನಮ್ಮ ಅಮರೇಶ್ವರ ಉಳಿಸಿಕೊಟ್ಟದ್ದು ನಮಗೆಲ್ಲ ಹೆಮ್ಮೆ ಎಂದರು.

ಟೋನಿ ತುಪ್ಪದ ಬೆರಳುಗಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಅವನಿಗೆ ಇದು ಅರ್ಥವಾಗಲಿಲ್ಲವೆಂದು ಕಂಡಿತು. ಆದರೂ ನನ್ನ ಕಡೆ ನೋಡಿ ಮುಗುಳ್ನಕ್ಕ. ನನ್ನನ್ನು ಕಾಪಾಡುವ ನಗು ಅದು.

"ಉಳೀಲಿಲ್ಲ. ಉಳಿಸೋದಕ್ಕೆ ನೋಡಿದ" ಎಂದ. "ವೈಟ್ ಹೌಸಿಂದ ಫೋನ್ ಬಂದರೆ ಇವನಾದರೂ ಏನು ಮಾಡ್ತಾನೆ? ಮೂರು ದಿನ ಊಟ ಬಿಟ್ಟು ಹಟ ಹಿಡಿದ. ಕೆಲಸ ತೆಗೀತೀವಿ ಅಂದರೂ ಬಗ್ಗಲಿಲ್ಲ. ಇಂಥ ಸ್ನೇಹಿತ ಯಾರಿಗೆ ಸಿಗ್ತಾನೆ?"

ಎಲ್ಲರೂ ತಟ್ಟೆ ಕೆಳಗಿಟ್ಟರು. ಅದನ್ನು ಅವನು ತನ್ನ ದುಃಖಕ್ಕೆ ಸಲ್ಲಿಸಿದ ಗೌರವ ಎಂದುಕೊಂಡನೋ ಏನೋ, ದಣಿದ ದನಿಯಲ್ಲಿ ಮುಂದುವರಿಸಿದ. ಕಾಂಗ್ರೆಸ್‌ಮನ್ ವಿನ್ನಿಯ ಪಕ್ಕದಲ್ಲೇ ಇದ್ದಾರೆ. ಮೊದಲ ವರ್ಷ ತಾನು ಆ ಕಲ್ಲಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವರಿಗೆ ಅಲ್ಲಿರುವ ಯೋಗ್ಯತೆ ಇದೆಯೋ ಇಲ್ಲವೋ ಎಂದು ಎಷ್ಟು ದಿನ ತಲೆ ಕೆಡಿಸಿಕೊಂಡಾನು ಮನುಷ್ಯ? ಈಗ ಸಾಕಾಗಿದೆ. ಅವರ ಹೆಂಡತಿಗೆ ಮೊಣಕಾಲು ನೋವು, ಮಡಿಸುವ ಕುರ್ಚಿ ತರುತ್ತಾಳೆ. ಕಾರಿನಿಂದ ಅದನ್ನು ತಾನೇ ತಂದು ಹಾಕಿಕೊಡುತ್ತಾನೆ. ಅವಳು ತನ್ನ ಗಂಡನನ್ನು ನೋಡುತ್ತಾಳೆ, ಇವನು ತನ್ನ ಮಗನನ್ನು ನೋಡುತ್ತಾನೆ. ತನ್ನನ್ನು ಬೇಲಿಯ ಹತ್ತಿರ ಎಲ್ಲಾದರೂ ಹಾಕುತ್ತಾರೆ. ವಿನ್ನಿಗೆ ದೂರ ನಡೆಯುವುದು ಅಭ್ಯಾಸವಿತ್ತು, ಬಂದು ನೋಡಿಕೊಂಡು ಹೋಗಲಿ ಎಂದ.

ಜಯತೀರ್ಥರು ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮೆಲ್ಲಗೆ, "ಏನ್ರೀ ಇದು? ಹೆಲಿಕಾಪ್ಟರ್ ವಾಪಸ್ ಹೋಯ್ತು ಅಂದಿದ್ರಲ್ಲ" ಎಂದರು.

ಮೂರು ವರ್ಷ ನಾನು ಎರಡು ಕಥೆಗಳನ್ನು ಸಾಕಿದ್ದೆ. ಕನ್ನಡದಲ್ಲಿ ನಾನು ಗೆದ್ದಿದ್ದೆ, ಇಂಗ್ಲಿಷಿನಲ್ಲಿ ವೀರನಂತೆ ಸೋತಿದ್ದೆ. ಮಹಡಿಯ ಮೇಲಿನದು ಕೆಳಗೆ ಇಳಿಯುತ್ತಿರಲಿಲ್ಲ, ಕೆಳಗಿನದು ಮೇಲೆ ಹತ್ತುತ್ತಿರಲಿಲ್ಲ. ಈಗ ಎರಡೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ನನ್ನ ಮುಖ ನೋಡುತ್ತಿದ್ದವು. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಮೊದಲು ಚರ್ಚಿನಲ್ಲಿ ಹೂಳಿದ್ದು ನಿಜ, ಆಮೇಲೆ ಗುಟ್ಟಾಗಿ ಅಗೆದು ತಂದು ಎಂದು ಮೂರನೆಯ ಕಥೆಗೆ ಅಡಿಪಾಯ ಹಾಕತೊಡಗಿದ್ದೆ.

ಶೈಲಜಾ ಅವತ್ತು ಅಡುಗೆಮನೆಗೆ ಹೋಗಲಿಲ್ಲ. ಹೋಳಿಗೆಯ ಡಬ್ಬಿ ಕೆಳಗಿಟ್ಟು, "ಸಾಕ್ರೀ ಇನ್ನ" ಎಂದಳು. "ಆ ಮನಷ್ಯಾ ನಿಮ್ಮನ್ನ ಇನ್ನೂ ಹೊಗಳ್ಲಿಕ್ಕತ್ಯಾನ. ಖರೇ ಏನದ ಅದನ್ನ ಹೇಳ್ರಿ."

ನಾನು ಟೋನಿಯ ಎದುರಿನ ಕುರ್ಚಿಯಲ್ಲಿ ಕೂತೆ. ಒಂದು ವಾಕ್ಯ ಇಂಗ್ಲಿಷಿನಲ್ಲಿ, ಅದೇ ವಾಕ್ಯ ಕನ್ನಡದಲ್ಲಿ, ಹೀಗೆ ಹೇಳುತ್ತ ಹೋದೆ. ಎರಡು ಕಡೆಯವರಿಗೂ ಒಂದೇ ಮಾತು ಹೇಳಿದ್ದು ಅದೇ ಮೊದಲು.

ಹೆಲಿಕಾಪ್ಟರು ಇರಲಿಲ್ಲ. ಗವರ್ನರು ಬಂದಿರಲಿಲ್ಲ. ವೈಟ್ ಹೌಸಿನಿಂದಾಗಲಿ ಇನ್ನೆಲ್ಲಿಂದಲೇ ಆಗಲಿ ಯಾರೂ ಫೋನು ಮಾಡಿರಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಸೂಪರಿಂಟೆಂಡೆಂಟರು ನನ್ನನ್ನು ಅವರ ಕೋಣೆಗೆ ಕರೆದರು. ಕಾಂಗ್ರೆಸ್‌ಮನ್ನರ ಹೆಂಡತಿಗೆ ಹೆಚ್ಚು ನಡೆಯಲಾಗದು, ರಸ್ತೆಯ ಹತ್ತಿರ ಏನಾದರೂ ಇದೆಯೇ ಎಂದು ಮನೆಯವರು ಕೇಳಿದ್ದಾರೆ. ಇಲ್ಲವೆಂದರೆ ಬೇಲಿಯ ಹತ್ತಿರದ್ದಕ್ಕೂ ಒಪ್ಪಿದ್ದಾರೆ ಎಂದರು. ಪೇಪರಿನವರ ಹಾಗೆ ಯೋಗ್ಯತೆ ಅಳೆಯುವ ಟೇಪು ನನ್ನ ಹತ್ತಿರ ಇಲ್ಲ ಎಂದರು. ನಕ್ಷೆಯ ಮೇಲೆ, ವಿನ್ನಿಯ ಪಕ್ಕದ ಚೌಕದ ಮೇಲೆ ಬೆರಳಿಟ್ಟು, ಇದು ಎರಡೂವರೆ ವರ್ಷದಿಂದ ಪೆನ್ಸಿಲಿನಲ್ಲೇ ಇದೆಯಲ್ಲ, ಇಲ್ಲಿ ಕೊಳವೆ ಇದೆಯೇ ಎಂದು ಕೇಳಿದರು. ಸಲಾಕೆ ಅವರ ಹಿಂದೆ ಗೋಡೆಗೆ ಒರಗಿಸಿತ್ತು. ಅದನ್ನು ಅವರು ಮುಟ್ಟಲಿಲ್ಲ. ಭಾನುವಾರಗಳಂದು ಆ ಹುಲ್ಲಿನ ಮೇಲೆ ಯಾರು ಬಂದು ನಿಲ್ಲುತ್ತಾರೆಂದು ಅವರಿಗೆ ಗೊತ್ತಿತ್ತು.

"ನೀನು ಇದೆ ಅಂದರೆ ಇದೆ, ಅಮರ್. ನಾನು ಚುಚ್ಚಿ ನೋಡಲ್ಲ" ಎಂದರು. ಇದೆ ಎನ್ನಲಿ ಎಂದೇ ಅವರು ಕಾಯುತ್ತಿದ್ದರು. ತಿಳಿಯದೇ ಇರುವಷ್ಟು ದಡ್ಡ ನಾನಲ್ಲ.

ಆದರೆ ಆ ತಿಂಗಳು ನನ್ನ ಗ್ರೀನ್ ಕಾರ್ಡಿನ ಕಾಗದಗಳು ಕಂಪನಿಯ ಮೇಜಿನ ಮೇಲಿದ್ದವು. ಸರ್ಕಾರದ ನಕ್ಷೆಯಲ್ಲಿ ಸುಳ್ಳು ಗುರುತು ಹಾಕಿದವನೆಂದು ಯಾರಾದರೂ ಹಿಡಿದರೆ ಎಂದು ಹೆದರಿದೆ. ಸರ್, ಅದು ತಪ್ಪಿ ಬಿದ್ದ ಗುರುತಿರಬೇಕು ಎಂದೆ. ಜೇಬಿನಿಂದ ರಬ್ಬರು ತೆಗೆದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಸರಿ ಎಂದು ಕಿಟಕಿಯ ಕಡೆ ತಿರುಗಿದರು.

ಇಷ್ಟನ್ನು ಹೇಳಿ ಮುಗಿಸಿದಾಗ ಟೋನಿ ಒಂದೇ ಪ್ರಶ್ನೆ ಕೇಳಿದ. ಯಾರೂ ಬಲವಂತ ಮಾಡಲಿಲ್ಲವೇ?

"ಇಲ್ಲ ಟೋನಿ" ಎಂದೆ. "ಒಂದೇ ಒಂದು ಸಲ ಕೇಳಿದರು. ಕೊಳವೆ ಇಲ್ಲ ಅನ್ನೋದಕ್ಕೆ ನನಗೆ ಅರ್ಧ ನಿಮಿಷವೂ ಹಿಡೀಲಿಲ್ಲ."

ಅದನ್ನೂ ಕನ್ನಡದಲ್ಲಿ ಇನ್ನೊಂದು ಸಲ ಹೇಳಿದೆ.